ಮದುವೆ ಸರ್ಟಿಫಿಕೇಟ್ ಸಿಗೋದು ಲೈಸೆನ್ಸ್ ತಗೊಂಡ ಕೌಂಟಿಯಲ್ಲಿ, ನೀವಿರೋ ಊರಲ್ಲಲ್ಲ

ಸಂಪಾದಕರಿಗೆ ನಮಸ್ಕಾರ,

ಅಮೆರಿಕದಲ್ಲಿ ಮದುವೆ ಆದವರು ಓಸಿಐ ಕಾರ್ಡಿಗೆ (ಭಾರತದ ನಂಟಿರೋ ವಿದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡೋ ಕಾರ್ಡು) ಅರ್ಜಿ ಹಾಕೋದು ಹೇಗೆ ಅಂತ ಓದುಗರೊಬ್ಬರು ಕೇಳಿದ್ದಕ್ಕೆ ನಿಮ್ಮ ಪತ್ರಿಕೆ ಕೊಟ್ಟ ಉತ್ತರ ಓದಿದೆ. ಉಳಿದಿದ್ದೆಲ್ಲ ಸರಿ ಇದೆ, ಆದ್ರೆ ಮದುವೆ ಸರ್ಟಿಫಿಕೇಟನ್ನ ನೀವು ವಾಸ ಇರೋ ಊರಿನ ಕಚೇರಿಯಿಂದ ತಗೊಳ್ಳಿ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದೀರಿ. ಆ ಸಾಲು ತಪ್ಪು, ಅದನ್ನ ನಂಬ್ಕೊಂಡು ಹೊರಟವರು ಸುಮ್ನೆ ಅಲೀತಾರೆ, ಅದಕ್ಕೇ ಈ ಪತ್ರ.

ಅಮೆರಿಕದಲ್ಲಿ ಇಡೀ ದೇಶಕ್ಕೆ ಅಂತ ಒಂದು ಮದುವೆ ರಿಜಿಸ್ಟರ್ ಇಲ್ಲವೇ ಇಲ್ಲ. ಮದುವೆಗೆ ಮುಂಚೆ ಲೈಸೆನ್ಸ್, ಅಂದ್ರೆ ಮದುವೆ ಆಗೋಕೆ ಸರ್ಕಾರದ ಅನುಮತಿ, ಯಾವ ಕಚೇರಿಯಲ್ಲಿ ತಗೊಂಡ್ರೋ ಬಹುತೇಕ ರಾಜ್ಯಗಳಲ್ಲಿ ದಾಖಲೆ ಅಲ್ಲೇ ಇರತ್ತೆ, ಮದುವೆ ಎಲ್ಲಿ ನಡೀತು, ಈಗ ನೀವೆಲ್ಲಿದೀರಿ ಅನ್ನೋದು ಲೆಕ್ಕಕ್ಕೇ ಬರಲ್ಲ. ಉದಾಹರಣೆಗೆ ಕ್ಯಾಲಿಫೋರ್ನಿಯಾದಲ್ಲಿ ತಗೊಂಡ ಲೈಸೆನ್ಸ್ 90 ದಿನ ಚಾಲ್ತಿಯಲ್ಲಿರತ್ತೆ, ರಾಜ್ಯದ ಯಾವ ಮೂಲೆಯಲ್ಲಾದ್ರೂ ತಾಳಿ ಕಟ್ಟಬಹುದು. ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಲೈಸೆನ್ಸ್ ಮಾಡಿಸ್ಕೊಂಡು, ಅಲಮೀಡಾ ಕೌಂಟಿಯಲ್ಲಿರೋ ಲಿವರ್‌ಮೋರ್ ದೇವಸ್ಥಾನದಲ್ಲಿ ಮದುವೆ ಆಗಿ, ಆಮೇಲೆ ಕೆಲಸಕ್ಕೆ ಅಂತ ಡಲ್ಲಾಸ್‌ಗೆ ಹೋದವರು ಈಗ ಕಾಪಿಗೆ ಬರೀಬೇಕಾಗಿರೋದು ಸ್ಯಾಂಟಾ ಕ್ಲಾರಾಗೆ, ಡಲ್ಲಾಸ್‌ಗೂ ಅಲ್ಲ ಅಲಮೀಡಾಗೂ ಅಲ್ಲ. ಎಲ್ಲಿ ಲೈಸೆನ್ಸ್ ತಗೊಂಡ್ವಿ ಅನ್ನೋದೇ ಮರೆತಿರೋರು ನಾವಂದುಕೊಂಡಿದ್ದಕ್ಕಿಂತ ಜಾಸ್ತಿ ಇದಾರೆ, ಯಾಕಂದ್ರೆ ಆ ದಿನ ಎಲ್ಲರ ತಲೇಲಿ ಇದ್ದಿದ್ದು ಮುಹೂರ್ತ, ಹಾಲ್, ಊರಿಂದ ಬರೋ ನೆಂಟರ ವೀಸಾ.

ಕಚೇರಿ ಹೆಸರೂ ರಾಜ್ಯರಾಜ್ಯಕ್ಕೆ ಬೇರೆ. ಇಲಿನಾಯ್‌ನಲ್ಲಿ ಟೆಕ್ಸಸ್‌ನಲ್ಲಿ ಕೌಂಟಿ ಕ್ಲರ್ಕ್, ಫ್ಲಾರಿಡಾದಲ್ಲಿ ಸರ್ಕ್ಯೂಟ್ ಕೋರ್ಟ್ ಕ್ಲರ್ಕ್, ಜಾರ್ಜಿಯಾ ಮತ್ತೆ ಒಹಾಯೋದಲ್ಲಿ ಪ್ರೊಬೇಟ್ ಕೋರ್ಟ್, ವಾಷಿಂಗ್ಟನ್ ರಾಜ್ಯದಲ್ಲಿ ಬಹುತೇಕ ಕಡೆ ಕೌಂಟಿ ಆಡಿಟರ್, ಪೆನ್ಸಿಲ್ವೇನಿಯಾದಲ್ಲಂತೂ ಬಹಳಷ್ಟು ಕಡೆ ಆರ್ಫನ್ಸ್ ಕೋರ್ಟ್ ಅನ್ನೋ ಬೋರ್ಡ್ ಇರೋ ಕಡೆ ಹೋಗ್ಬೇಕು, ಹೆದರಬೇಡಿ ಅದೇ ಜಾಗ. ಕನೆಟಿಕಟ್‌ನಲ್ಲಿ 1960ರಿಂದ ಕೌಂಟಿ ಸರ್ಕಾರವೇ ಇಲ್ಲ, ಅಲ್ಲಿ ಟೌನ್ ಕ್ಲರ್ಕ್. ನ್ಯೂಯಾರ್ಕ್ ಸಿಟಿಯಲ್ಲಿ ಸಿಟಿ ಕ್ಲರ್ಕ್. ಇದನ್ನೆಲ್ಲ ಬಾಯಿಪಾಠ ಮಾಡೋದೇನೂ ಬೇಡ, ಅಮೆರಿಕದ ಕೇಂದ್ರ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯ ವೆಬ್‌ಸೈಟಲ್ಲಿ ಯಾವ ರಾಜ್ಯದವರು ಯಾರಿಗೆ ಬರೀಬೇಕು ಅಂತ ಒಂದು ಪಟ್ಟಿ ಇದೆ, ಅದನ್ನ ನೋಡಿದ್ರೆ ಸಾಕು.

ರಾಜ್ಯದ ರಾಜಧಾನಿಗೇ ಬರೆದುಬಿಡೋಣ ಅನ್ನೋರಿಗೆ ಒಂದು ಮಾತು. ಟೆಕ್ಸಸ್ ರಾಜ್ಯ ಕಚೇರಿ 1966ರಿಂದ ಈಚೆಗಿನ ಮದುವೆಗಳಿಗೆ ಬರೀ ವೆರಿಫಿಕೇಶನ್ ಲೆಟರ್ ಕೊಡತ್ತೆ, ಅಂದ್ರೆ ಹೌದು ಇಂಥವರ ಮದುವೆ ದಾಖಲಾಗಿದೆ ಅನ್ನೋ ಕಾಗದ ಅಷ್ಟೆ, ಸರ್ಟಿಫೈಡ್ ಕಾಪಿ ಬೇಕಂದ್ರೆ ಮತ್ತೆ ಕೌಂಟಿಗೇ ಹೋಗ್ಬೇಕು.

ಇನ್ನು ನಮ್ಮವರಿಗೆ ನಿಜವಾದ ಪೇಚು ಹೆಸರು. ಕೌಂಟಿಗಳ ಇಂಡೆಕ್ಸ್ ಎಷ್ಟೋ ಕಡೆ ಆನ್‌ಲೈನ್ ಇದೆ, ಹೆಸರು ಹಾಕಿ ಹುಡುಕಬಹುದು, ಆದ್ರೆ ನಮ್ಮ ಹೆಸರು ಅಲ್ಲಿ ಯಾವ ವೇಷದಲ್ಲಿದೆ ಅಂತ ಯಾರಿಗೆ ಗೊತ್ತು! ಅಪ್ಪನ ಹೆಸರು ಸರ್‌ನೇಮ್ ಆಗಿರಬಹುದು, ಊರ ಹೆಸರು ಮಿಡಲ್ ನೇಮ್ ಆಗಿರಬಹುದು, ಇನಿಶಿಯಲ್ ಬಿಡಿಸಿ ಬರೆದಿರಬಹುದು. ಪಾಸ್‌ಪೋರ್ಟಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕನ್ ವೀಸಾದಲ್ಲಿ ಫಸ್ಟ್ ನೇಮ್ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದ್ರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಹಾಕ್ತಾರಲ್ಲ, ಲೈಸೆನ್ಸ್ ಕೌಂಟರಲ್ಲೂ ಅದನ್ನೇ ನೋಡಿ ಬರ್ಕೊಂಡಿದ್ರೆ ಮದುಮಗ ದಾಖಲೆಯಲ್ಲಿ ಎಫ್‌ಎನ್‌ಯು ಆಗಿ ಕೂತಿರ್ತಾನೆ, ಮಂಜುನಾಥ ಅಂತ ಫಸ್ಟ್ ನೇಮಲ್ಲಿ ಎಷ್ಟು ಹುಡುಕಿದ್ರೂ ಸಿಗಲ್ಲ. ಅದಕ್ಕೆ ಮೊದಲು ಗಂಡನ ಹೆಸರಲ್ಲಿ, ಆಮೇಲೆ ಹೆಂಡತಿಯ ತವರಿನ ಹೆಸರಲ್ಲಿ, ಹೆಸರು ಹಿಂದೆಮುಂದೆ ಮಾಡಿ, ತಾರೀಖು ಗಟ್ಟಿ ಇಲ್ದಿದ್ರೆ ಒಂದೆರಡು ವರ್ಷ ಆಚೀಚೆ ಬಿಟ್ಟು ಹುಡುಕಿ. ಅರ್ಜಿಯಲ್ಲೂ ಅವತ್ತು ಬರೆಸಿದ್ದ ಹೆಸರೇ ಇರ್ಲಿ, ಈಗಿನದಲ್ಲ. ಕ್ಯಾಲಿಫೋರ್ನಿಯಾದಂಥ ಕಡೆ ದಾಖಲೆ ಸಿಗದೇ ಹೋದ್ರೂ ಫೀ ವಾಪಸ್ ಬರಲ್ಲ, ದಾಖಲೆ ಇಲ್ಲ ಅನ್ನೋ ಸರ್ಟಿಫಿಕೇಟ್ ಕಳಿಸ್ತಾರೆ.

ಇನ್ನೊಂದು ವಿಷ್ಯ, ಕ್ಯಾಲಿಫೋರ್ನಿಯಾದಲ್ಲಿ ಪಬ್ಲಿಕ್ ಮತ್ತೆ ಕಾನ್ಫಿಡೆನ್ಶಿಯಲ್ ಅಂತ ಎರಡು ಥರದ ಲೈಸೆನ್ಸ್ ಇದೆ. ಕಾನ್ಫಿಡೆನ್ಶಿಯಲ್ ಆದ್ರೆ ಕೋರ್ಟ್ ಆರ್ಡರ್ ಇಲ್ದೆ ಗಂಡ ಹೆಂಡತಿ ಬಿಟ್ಟು ಇನ್ಯಾರಿಗೂ ಕಾಪಿ ಕೊಡಲ್ಲ, ಮಕ್ಕಳಿಗೂ ಇಲ್ಲ. ಪಬ್ಲಿಕ್ ಆದ್ರೆ ಅಥರೈಸ್ಡ್ ಕಾಪಿ ಕೇಳ್ಬೇಕು. ಯಾರು ಬೇಕಾದ್ರೂ ತಗೋಬಹುದಾದ ಇನ್ಫರ್ಮೇಶನಲ್ ಕಾಪಿ ಅಂತ ಒಂದಿದೆ, ಇದು ಗುರುತಿನ ದಾಖಲೆ ಆಗಲ್ಲ ಅಂತ ಅದರ ಮೇಲೇ ಅಚ್ಚು ಹಾಕಿರ್ತಾರೆ, ಸರ್ಕಾರಿ ಕೆಲಸಕ್ಕೆ ಪ್ರಯೋಜನ ಇಲ್ಲ. ಖುದ್ದಾಗಿ ಹೋದ್ರೆ ಕೌಂಟರಲ್ಲೇ ಸಹಿ ಹಾಕಿ ತಗೋಬಹುದು, ಪೋಸ್ಟಲ್ಲಿ ಅರ್ಜಿ ಹಾಕೋರು ಕಾಪಿ ತಗೊಳ್ಳೋ ಹಕ್ಕು ತಮಗಿದೆ ಅಂತ ಪ್ರಮಾಣ ಮಾಡೋ ಅಫಿಡವಿಟ್‌ಗೆ ನೋಟರಿ ಮುಂದೆ ಸಹಿ ಮಾಡಿ ಕಳಿಸ್ಬೇಕು. ನೋಟರಿ ಸೀಲ್ ಇಲ್ದೆ ಹೋದ ಅರ್ಜಿ ಹಾಗೇ ವಾಪಸ್ ಬರತ್ತೆ. ಇಷ್ಟು ಬಿಗಿ ಯಾಕೆ ಅಂತ ಸಿಟ್ಟು ಬರೋದು ಸಹಜ, ಆದ್ರೆ ನಿಮ್ಮ ಸರ್ಟಿಫಿಕೇಟ್ ಇನ್ಯಾರೋ ತಗೊಂಡು ಹೋಗೋದಕ್ಕಿಂತ ಇದೇ ವಾಸಿ ಅಂತ ನನ್ನ ಅನಿಸಿಕೆ.

ಮದುವೆ ದಿನ ಕೊಡೋ, ಸುತ್ತ ಹೂಬಳ್ಳಿ ಬಾರ್ಡರ್ ಇರೋ ಚಂದದ ಕಾಗದವನ್ನೇ ಫ್ರೇಮ್ ಹಾಕ್ಸಿ ಸರ್ಟಿಫಿಕೇಟ್ ಅಂತ ಇಟ್ಕೊಂಡಿರೋರೂ ಇದಾರೆ, ಅದು ನೆನಪಿಗೆ ಅಷ್ಟೆ. ಸರ್ಟಿಫೈಡ್ ಕಾಪಿಯಲ್ಲಿ ಕಚೇರಿಯ ಸೀಲು, ಅಧಿಕಾರಿ ಸಹಿ ಇರತ್ತೆ, ಎಷ್ಟೋ ಕಡೆ ಸೀಲು ಉಬ್ಬಿರತ್ತೆ, ಬೆರಳಾಡಿಸಿದ್ರೆ ಗೊತ್ತಾಗತ್ತೆ, ಜೆರಾಕ್ಸ್ ಮಾಡಿದ್ರೆ ಆ ಉಬ್ಬು ಬರಲ್ಲ. ಹಾಗೇ, ಮದುವೆ ಮಾಡಿಸಿದ ಪುರೋಹಿತರು ಲೈಸೆನ್ಸ್ ತುಂಬಿ ಸಹಿ ಹಾಕಿ ಕೌಂಟಿಗೆ ವಾಪಸ್ ಕಳಿಸಿದ್ರೇನೇ ದಾಖಲೆ ಆಗೋದು, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ 10 ದಿನ ಟೈಮು. ಅವರು ಕಳಿಸಿದ್ರಾ ಅಂತ ಒಂದು ಫೋನ್ ಮಾಡಿ ಕೇಳೋದ್ರಲ್ಲಿ ಸಂಕೋಚ ಬೇಡ.

ದುಡ್ಡಿನ ವಿಷಯ. ಗೂಗಲ್‌ನಲ್ಲಿ ಹುಡುಕಿದ್ರೆ ಮೊದಲು ಕಾಣೋದು ಎಷ್ಟೋ ಸಲ ಸರ್ಕಾರಿ ಕಚೇರಿ ಥರಾನೇ ಕಾಣೋ ಖಾಸಗಿ ಸೈಟುಗಳ ಜಾಹೀರಾತು, ನಿಮ್ಮ ಅರ್ಜಿನ ಅವರು ಕೌಂಟಿಗೆ ದಾಟಿಸಿ ಮೇಲೆ ಸರ್ವಿಸ್ ಚಾರ್ಜ್ ಹಾಕ್ತಾರೆ. ಆನ್‌ಲೈನ್ ಅರ್ಜಿಗೆ ಎಷ್ಟೋ ಕೌಂಟಿಗಳೇ ವೈಟಲ್‌ಚೆಕ್ ಅನ್ನೋ ಕಂಪನಿನ ಇಟ್ಕೊಂಡಿವೆ, ಅಲ್ಲೂ ಫೀ ಮೇಲೆ ಚಾರ್ಜ್ ಇದೆ ಆದ್ರೆ ಅದು ಮೋಸ ಅಲ್ಲ. ಕೌಂಟಿಯ ಸ್ವಂತ ವೆಬ್‌ಸೈಟಿಂದ ಒಳಗೆ ಹೋದ್ರೆ ಈ ಗೊಂದಲ ಇರಲ್ಲ.

ಕೊನೆಗೆ ಓಸಿಐ. ಸಂಗಾತಿ ಆಧಾರದ ಮೇಲೆ ಅರ್ಜಿ ಹಾಕೋಕೆ ಮದುವೆ ರಿಜಿಸ್ಟರ್ ಆಗಿ ಕನಿಷ್ಠ 2 ವರ್ಷ ಆಗಿರಬೇಕು, ವಿದೇಶದ ಸರ್ಟಿಫಿಕೇಟಿಗೆ ಅಪೋಸ್ಟಿಲ್ (ದಾಖಲೆ ಅಸಲಿ ಅಂತ ಬೇರೆ ದೇಶಕ್ಕೆ ತೋರಿಸೋ ದೃಢೀಕರಣ) ಬೇಕು. ಅದನ್ನ ಕೊಡೋದು ಇಂಡಿಯನ್ ಕಾನ್ಸುಲೇಟ್ ಅಲ್ಲ, ಸರ್ಟಿಫಿಕೇಟ್ ಕೊಟ್ಟ ರಾಜ್ಯ, ಬಹುತೇಕ ಕಡೆ ಅಲ್ಲಿನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಡಲ್ಲಾಸ್‌ನಲ್ಲಿರೋರಿಗೂ ಕ್ಯಾಲಿಫೋರ್ನಿಯಾ ಸರ್ಟಿಫಿಕೇಟಿಗೆ ಕ್ಯಾಲಿಫೋರ್ನಿಯಾದ್ದೇ ಆಗ್ಬೇಕು. ನ್ಯೂಯಾರ್ಕ್ ಸಿಟಿಯವರು ವಿದೇಶಕ್ಕೆ ಅಂತಲೇ ಇರೋ ಎಕ್ಸ್‌ಟೆಂಡೆಡ್ ಸರ್ಟಿಫಿಕೇಟ್ ಕೇಳಿ ತಗೊಂಡು, ಮೊದಲು ಕೌಂಟಿ ಕ್ಲರ್ಕ್ ಹತ್ರ ದೃಢೀಕರಿಸ್ಕೊಂಡು ಆಮೇಲೆ ರಾಜ್ಯದ ಕಚೇರಿಗೆ ಹೋಗ್ಬೇಕು. ಕಾಪಿ ತರಿಸುವಾಗಲೇ ಎರಡು ತರಿಸ್ಕೊಂಡ್ರೆ ಒಳ್ಳೇದು, ಒಂದಕ್ಕೆ ಅಪೋಸ್ಟಿಲ್, ಇನ್ನೊಂದು ಸೋಶಿಯಲ್ ಸೆಕ್ಯುರಿಟಿ, ಡಿಎಂವಿ (ಡ್ರೈವಿಂಗ್ ಲೈಸೆನ್ಸ್ ಕಚೇರಿ) ಅಂತ ಹೆಸರು ಬದಲಾಯಿಸೋ ಕಡೆಗೆಲ್ಲ ಆಗತ್ತೆ.

ದಯವಿಟ್ಟು ಮುಂದಿನ ವಾರದ ಪ್ರಶ್ನೋತ್ತರದಲ್ಲಿ ಆ ಒಂದು ಸಾಲನ್ನಾದ್ರೂ ತಿದ್ದಿ ಹಾಕಿ, ಜಾಗ ಇದ್ರೆ ಅಪೋಸ್ಟಿಲ್ ವಿಷಯಾನೂ ಸೇರಿಸಿ.

ಇಂತಿ,
ನಿಮ್ಮ ಓದುಗ, ಕ್ಯಾಲಿಫೋರ್ನಿಯಾ