ಸಿಮೆಂಟ್ ತೊಟ್ಟಿ ಬಿಟ್ಟೆವು: ಅರೇಬಿಕಾ ಕಾಫಿ ಪುಡಿಯ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರಿಗೆ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ಮಾರ್ಚ್ ಮೊದಲ ವಾರದಿಂದ ನಮ್ಮ ಅರೇಬಿಕಾ ಪುಡಿಯ ಕಾಲು ಕಿಲೋ ಪ್ಯಾಕೆಟ್‌ಗೆ 260 ರೂಪಾಯಿ ಹೋಗಿ 285 ರೂಪಾಯಿ ಆಗುತ್ತದೆ. ರುಚಿಯೂ ಸ್ವಲ್ಪ ಬೇರೆ ಇರುತ್ತದೆ. ರೊಬಸ್ಟಾ ಪುಡಿಯಲ್ಲಿ ಏನೂ ಬದಲಾವಣೆ ಇಲ್ಲ. ಅದರ ಹಣ್ಣನ್ನು ನಾವು ಸಿಪ್ಪೆ ಸಮೇತ ಕಣದಲ್ಲೇ ಒಣಗಿಸುತ್ತೇವೆ, ತೊಟ್ಟಿಗೆ ಹಾಕುವುದಿಲ್ಲ.

ಬದಲಾಗಿದ್ದು ತೊಟ್ಟಿ. ಮಾದಾಪುರದ ಕಡೆಯ ನಾವು ಹನ್ನೊಂದು ಮನೆಯವರು ಇಷ್ಟು ವರ್ಷ ಒಂದೇ ಸಿಮೆಂಟ್ ತೊಟ್ಟಿಯಲ್ಲಿ ಕಾಫಿ ಹುದುಗಿಸುತ್ತಿದ್ದೆವು. ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿದ ಮೇಲೂ ಬೀಜದ ಸುತ್ತ ಲೋಳೆ ಉಳಿಯುತ್ತದೆ. ಬರೀ ನೀರಿಗೆ ಅದು ಬಿಡುವುದಿಲ್ಲ. ತೊಟ್ಟಿಯಲ್ಲಿ ರಾಶಿ ಹಾಕಿ ಬಿಟ್ಟರೆ ಸೂಕ್ಷ್ಮಜೀವಿಗಳು ಕರಗಿಸುತ್ತವೆ. ಅರೇಬಿಕಾಗೆ ಸಾಮಾನ್ಯವಾಗಿ 24ರಿಂದ 36 ಗಂಟೆ. ಒಂದು ಹಿಡಿ ಬೀಜ ಹಿಚುಕಿದಾಗ ಜಾರದೆ, ಜಲ್ಲಿಯ ಹಾಗೆ ಗರಗರ ಅಂದರೆ ತೊಳೆಯಬಹುದು. ತಡ ಮಾಡಿದರೆ ನಾತ ಹಿಡಿಯುತ್ತದೆ. ಅಂಥ ನಾಲ್ಕು ಬೀಜ ಸಾಕು, ಲೋಟದ ಕಾಫಿ ಕೆಡಲು.

ಲೋಳೆ ಕರಗುವಾಗ ಹುಳಿ ಹುಟ್ಟುತ್ತದೆ. ಆ ಹುಳಿಗೆ ಸಿಮೆಂಟ್ ತಡೆಯುವುದಿಲ್ಲ. ನಮ್ಮ ತೊಟ್ಟಿಯ ಒಳಮೈ ಸವೆದು ಸವೆದು ದೋಸೆಯ ಹಾಗೆ ತೂತು ತೂತಾಗಿತ್ತು. ಎಷ್ಟು ಉಜ್ಜಿದರೂ ಹಿಂದಿನ ದಿನದ್ದು ಅಲ್ಲಿ ಉಳಿಯುತ್ತಿತ್ತು. ಹೋದ ವರ್ಷ ನಿಮ್ಮಲ್ಲಿ ನಾಲ್ಕೈದು ಜನ ‘ಈ ಸಲ ಪುಡಿ ಒಂಥರಾ ಮುಗ್ಗಲು’ ಅಂದಿದ್ದಿರಿ. ಸರಿಯಾಗೇ ಹೇಳಿದ್ದಿರಿ.

ಮೊದಲು ಅಗ್ಗದ ದಾರಿ ಹಿಡಿದೆವು. 200 ಲೀಟರಿನ ಎರಡು ನೀಲಿ ಡ್ರಮ್ ತಂದೆವು, ಸೆಕೆಂಡ್ ಹ್ಯಾಂಡ್. ಸೋಡಾ, ಬಿಸಿನೀರು, ಬಿಸಿಲು ಎಲ್ಲ ಆಯಿತು. ಮೊದಲ ಸಲದ ಬೀಜ ಒಣಗಿ, ಹುರಿದು, ಲೋಟಕ್ಕೆ ಬಂದಾಗ ಮೂಗಿಗೆ ಬಡಿದದ್ದು ಮಾವಿನ ಉಪ್ಪಿನಕಾಯಿ. ಆ ಕಾಫಿಯನ್ನು ನಾವೇ ಕುಡಿದು ಮುಗಿಸಿದೆವು. ಪ್ಲಾಸ್ಟಿಕ್ ಒಮ್ಮೆ ವಾಸನೆ ಹೀರಿದರೆ ಸುಲಭಕ್ಕೆ ಬಿಡುವುದಿಲ್ಲ. ಗೀರು ಬಿದ್ದರಂತೂ ಅಲ್ಲಿ ಕೊಳೆ ಕೂರುತ್ತದೆ.

ಆಮೇಲೆ ಸ್ಟೀಲಿಗೆ ಬಂದೆವು. ನಮಗೆ ಸಿಕ್ಕ ಫ್ಯಾಬ್ರಿಕೇಟರ್ ಡಿಸ್ಟಿಲರಿಗಳಿಗೆ ಟ್ಯಾಂಕ್ ಮಾಡುವವರು. ತೋರಿಸಿದ್ದು ಚೆಂದದ ಟ್ಯಾಂಕೇ: ಆಲಿಕೆಯಂಥ ತಳ, ಮೇಲೆ ಮುಚ್ಚಳ, ಸುತ್ತಲೂ ತಣ್ಣೀರು ಹರಿಯುವ ಜಾಕೆಟ್. ಬೆಲ್ಲದ ನೀರನ್ನೋ ಹಣ್ಣಿನ ರಸವನ್ನೋ ಹುದುಗಿಸುವವರಿಗೆ ಇದು ಬೇಕು. ಯೀಸ್ಟ್ ಕೆಲಸ ಮಾಡುವಾಗ ಬಿಸಿ ಏರುತ್ತದೆ, ಮಿತಿ ಮೀರಿದರೆ ಯೀಸ್ಟೇ ಸಾಯುತ್ತದೆ. ಕೊನೆಗೆ ಗಸಿ ತಳಕ್ಕೆ ಇಳಿಯುತ್ತದೆ, ರಸವನ್ನು ಪಂಪಿನಲ್ಲಿ ಎಳೆದುಕೊಳ್ಳಬಹುದು. ನಮ್ಮದು ರಸವಲ್ಲ, ಬೀಜ. ಆಲಿಕೆಯ ಸಣ್ಣ ಬಾಯಲ್ಲಿ ಕಟ್ಟಿಕೊಂಡರೆ ಕೋಲು ಹಾಕಿ ಕೆದಕುತ್ತಾ ಕೂರಬೇಕು. ತಣ್ಣೀರಿನ ಜಾಕೆಟ್ ಅಂತೂ ಬೇಡವೇ ಬೇಡ. ಡಿಸೆಂಬರ್ ರಾತ್ರಿ ನಮ್ಮಲ್ಲಿ ಸುಮ್ನೆ ಅಂಗಳದಲ್ಲಿ ನಿಂತರೂ ಹಲ್ಲು ಕಟಕಟ ಅನ್ನುತ್ತದೆ.

ಕಡೆಗೆ ಮಾಡಿಸಿದ್ದು 500 ಲೀಟರಿನ ನಾಲ್ಕು ಟ್ಯಾಂಕ್. 304 ದರ್ಜೆಯ ಸ್ಟೀಲ್, ಒಂದು ಕಡೆಗೆ ಇಳಿಜಾರಾದ ತಳ, ಇಳಿಜಾರಿನ ಕೊನೆಯಲ್ಲಿ ಅಗಲ ಬಾಗಿಲು. 316 ದರ್ಜೆ ಇನ್ನೂ ತಾಳಿಕೆಯದು, ಬೆಲೆಯೂ ಜಾಸ್ತಿ. ಉಪ್ಪಿನಂಶ ತಾಗುವ ಕಡೆ ಅದು ಬೇಕು, ನಮಗಲ್ಲ. ಆ ದುಡ್ಡನ್ನು ಒಳಗಿನ ವೆಲ್ಡಿಂಗ್ ಗೆರೆ ಉಜ್ಜಿಸಿ ನುಣುಪು ಮಾಡಿಸಲು ಹಾಕಿದೆವು. ಬೆರಳಿಗೆ ತಾಗುವ ಗೆರೆ ಇದ್ದರೆ ಮತ್ತೆ ಅದೇ ಕೊಳೆ, ಅಲ್ವಾ? ಒಂದು ದೊಡ್ಡದರ ಬದಲು ನಾಲ್ಕು ಯಾಕೆಂದರೆ, ತುಂಬಿ, ಹುದುಗಿಸಿ, ತೊಳೆಯುವಷ್ಟರಲ್ಲಿ ಎರಡು ದಿನ ಹೋಗುತ್ತದೆ. ಈಗ ದಿನಕ್ಕೆ ಎರಡರಂತೆ ತುಂಬುತ್ತೇವೆ. ನಿನ್ನೆಯ ಬೀಜಕ್ಕೆ ಇವತ್ತಿನದು ಬೆರೆಯುವುದಿಲ್ಲ. ಮೊದಲು ಬೆರೆಯುತ್ತಿತ್ತು, ಒಪ್ಪಿಕೊಳ್ಳುತ್ತೇವೆ.

ಸ್ಟೀಲಿಗೂ ಒಂದು ಕೊರೆ ಇದೆ, ರಾತ್ರಿ ಬೇಗ ತಣ್ಣಗಾಗುತ್ತದೆ. ಪುತ್ತರಿ ಹಬ್ಬ ಮುಗಿದು ಮೊದಲ ಕೊಯ್ಲು ಹಾಕಿದಾಗ 36 ಗಂಟೆ ಕಳೆದರೂ ಲೋಳೆ ಬಿಟ್ಟಿರಲಿಲ್ಲ. ಗೋಣಿಚೀಲ ಸುತ್ತಿದೆವು, ಸರಿಹೋಯಿತು. ಹೊಳೆಯುವ ಟ್ಯಾಂಕಿಗೆ ಗೋಣಿ ಹೊದೆಸಿದ್ದು ನೋಡಿ ಫ್ಯಾಬ್ರಿಕೇಟರ್ ನಕ್ಕರು.

ಹಾಲು ಹಾಕಿ ಕುಡಿಯುವವರಿಗೆ ಹೊಸ ರುಚಿ ಅಷ್ಟಾಗಿ ಗೊತ್ತಾಗದು. ಕರಿ ಕಾಫಿಯವರಿಗೆ ಆ ಮುಗ್ಗಲು ಹೋಗಿ ಕಿತ್ತಳೆಯಂಥ ತೆಳು ಹುಳಿ ಸಿಗುತ್ತದೆ. ಹಳೆಯ ರುಚಿಯೇ ಬೇಕು ಅನ್ನುವವರಿಗೆ ಹೋದ ವರ್ಷದ ಪುಡಿ ಸ್ವಲ್ಪ ಉಳಿದಿದೆ, ಅದಕ್ಕೆ ಹಳೆಯ ಬೆಲೆಯೇ.

ಹೆಚ್ಚಿಸಿದ 25 ರೂಪಾಯಿ ಟ್ಯಾಂಕಿನ ಸಾಲಕ್ಕೆ ಹೋಗುತ್ತದೆ. ಸಾಲಕ್ಕೆ ಮೂರು ವರ್ಷ ಇದೆ. ತೀರಿದ ಮೇಲೆ ಬೆಲೆ ಇಳಿಸುತ್ತೇವೆ ಅಂತ ಮಾತು ಕೊಡುವುದಿಲ್ಲ. ಐದಾರು ಕಿಲೋ ಹಣ್ಣಿಗೆ ಸಿಗುವುದು ಒಂದು ಕಿಲೋ ಬೀಜ, ಹುರಿದರೆ ಅದೂ ಇಳಿಯುತ್ತದೆ. ಕಾಫಿಯ ರೇಟಂತೂ ನಮ್ಮ ಕೈಯಲ್ಲಿಲ್ಲ.

ಇನ್ನು ಮುಂದೆ ಪ್ಯಾಕೆಟ್ ಹಿಂದೆ ಟ್ಯಾಂಕಿನ ನಂಬರು, ತೊಳೆದ ತಾರೀಕು ಎರಡೂ ಇರುತ್ತವೆ. ರುಚಿ ಹಿಡಿಸದಿದ್ದರೆ ಆ ನಂಬರು ಬರೆದು ತಿಳಿಸಿ. ಪ್ಯಾಕೆಟ್ ಒಡೆದಿದ್ದರೂ ವಾಪಸ್ ತೆಗೆದುಕೊಳ್ಳುತ್ತೇವೆ.

ಇಂತಿ ನಿಮ್ಮ,
ಹನ್ನೊಂದು ಮನೆಯ ಬೆಳೆಗಾರರು
ಮಾದಾಪುರ, ಕೊಡಗು