ರೋಮ್‌ನಲ್ಲಿ ಮದುವೆ: ಮುಂಗಡ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ಮದುವೆ ಮಾಡುವ ಹಂಬಲ ಈಗ ನಮ್ಮ ಮಧ್ಯಮ ವರ್ಗದ ಮನೆಗಳಿಗೂ ಬಂದಿದೆ. ಆದರೆ ಅನೇಕರು ಮೊದಲು ವಿಲ್ಲಾದ ಫೋಟೊ ನೋಡಿ ಮುಂಗಡ ಕಟ್ಟುತ್ತಾರೆ, ಕಾಗದಪತ್ರದ ಯೋಚನೆ ಮಾಡುವುದು ಆಮೇಲೆ. ಹಣವೂ ನೆಮ್ಮದಿಯೂ ಕೈಬಿಡುವುದು ಇಲ್ಲೇ. ಹೆಚ್ಚು ಜನ ಕೇಳುವ ರೋಮ್ ನಗರವನ್ನೇ ಇಟ್ಟುಕೊಂಡು ಕೆಲವು ಮಾತು ಹೇಳಬೇಕಿದೆ.

ಮೊದಲು ತೀರ್ಮಾನವಾಗಬೇಕಾದದ್ದು ಕಾನೂನಿನ ಮದುವೆ ಎಲ್ಲಿ ಎಂಬುದು. ಊರಿನ ಪುರೋಹಿತರನ್ನು ಕರೆದೊಯ್ದು ಧಾರೆ ಎರೆಸಿದ ಮಾತ್ರಕ್ಕೆ ಇಟಲಿಯಲ್ಲಿ ಮದುವೆ ನೋಂದಣಿಯಾಗುವುದಿಲ್ಲ. ಅಲ್ಲಿನ 2012ರ 246ನೇ ಕಾಯ್ದೆ ಹಿಂದೂ ವಿವಾಹಕ್ಕೆ ಮಾನ್ಯತೆ ಕೊಟ್ಟಿದೆ ನಿಜ, ಆದರೆ ಆ ಹಕ್ಕು ಇರುವುದು ಇಟಲಿಯ ಹಿಂದೂ ಒಕ್ಕೂಟ ನೇಮಿಸಿದ ಪುರೋಹಿತರಿಗೆ. ನಗರಪಾಲಿಕೆಯ ಮುಂದೆ ಸಿವಿಲ್ ಮದುವೆ ಆಗುವುದಾದರೆ ಮದುವೆಗೆ ಅಡ್ಡಿಯಿಲ್ಲವೆಂಬ ‘ನುಲ್ಲಾ ಓಸ್ತಾ’ ಪತ್ರವನ್ನು ರೋಮ್‌ನ ಭಾರತೀಯ ರಾಯಭಾರ ಕಚೇರಿಯಿಂದ ಪಡೆಯಬೇಕು. ಅದಕ್ಕೆ 16 ಯೂರೊ ಸ್ಟಾಂಪ್ ಅಂಟಿಸಿ ‘ಪ್ರೆಫೆತ್ತೂರಾ’ ಎಂಬ ಇಟಲಿ ಸರ್ಕಾರದ ಕಚೇರಿಯಲ್ಲಿ ದೃಢೀಕರಿಸಿಕೊಳ್ಳಬೇಕು. ಇಬ್ಬರು ಸಾಕ್ಷಿಗಳು ಬೇಕು. ವಧೂವರರಿಗೆ ಇಟಾಲಿಯನ್ ಬಾರದಿದ್ದರೆ ದುಭಾಷಿಯೂ ಬೇಕು. ಕ್ಯಾಂಪಿಡೋಲಿಯೊ ಬೆಟ್ಟದ ‘ಸಾಲಾ ರೊಸ್ಸಾ’ ಸಭಾಂಗಣದಲ್ಲಿ ಅಥವಾ ಕರಕಲ್ಲಾ ಸ್ನಾನಗೃಹಗಳ ಹತ್ತಿರದ ‘ವಿನ್ಯೋಲಾ ಮತ್ತೇಯಿ’ಯಲ್ಲಿ ಮದುವೆ ಚೆಂದವಾಗಿಯೇ ನಡೆಯುತ್ತದೆ. ಆದರೆ ಅದು ಬೇಗ ಮುಗಿಯುವ ಸರ್ಕಾರಿ ವಿಧಿ, ಅಲ್ಲಿ ಹೋಮಕ್ಕೆ ಜಾಗವಿಲ್ಲ.

ನನ್ನ ಸಲಹೆ ಕೇಳುವುದಾದರೆ, ಹುಡುಗ ಹುಡುಗಿ ಇಬ್ಬರೂ ಭಾರತೀಯ ಪ್ರಜೆಗಳಾಗಿದ್ದರೆ ವಿಶೇಷ ವಿವಾಹ ಕಾಯ್ದೆಯಡಿ 30 ದಿನದ ನೋಟಿಸು ಕೊಟ್ಟು ಇಲ್ಲೇ ನೋಂದಣಿ ಮುಗಿಸಿ, ರೋಮ್‌ನಲ್ಲಿ ಶಾಸ್ತ್ರ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು. ಎರಡೂ ಕಡೆ ಮಾಡಲು ಹೋಗಲೇಬೇಡಿ. ಇಲ್ಲಿ ನೋಂದಣಿಯಾದವರು ಅಲ್ಲಿ ಅವಿವಾಹಿತರೆಂದು ಪ್ರಮಾಣ ಮಾಡಿದರೆ ಅದು ಸುಳ್ಳು ಹೇಳಿಕೆ. ಅಲ್ಲಿಯೇ ಸಿವಿಲ್ ಮದುವೆ ಆದವರು ಹೊರಡುವ ಮೊದಲು ವಿವಾಹ ದಾಖಲೆಗೆ, ಅದು ಬೇರೆ ದೇಶದಲ್ಲೂ ಮಾನ್ಯವಾಗುವಂತೆ, ಅಪೊಸ್ಟಿಲ್ ಮುದ್ರೆ ಹಾಕಿಸಿಕೊಂಡೇ ಬರಬೇಕು. ಪಾಸ್‌ಪೋರ್ಟ್‌ನಲ್ಲಿ ಗಂಡ ಅಥವಾ ಹೆಂಡತಿಯ ಹೆಸರು ಸೇರಿಸುವಾಗ ಅದು ಉಪಯೋಗಕ್ಕೆ ಬರುತ್ತದೆ.

ಇಟಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ. ತೀರ್ಮಾನ ಸಾಮಾನ್ಯವಾಗಿ 15 ದಿನದಲ್ಲಿ ಬರುತ್ತದೆ, 45 ದಿನದವರೆಗೂ ಎಳೆಯಬಹುದು. ಮೊದಲ ಸಲ ಹೋಗುವ ಅಜ್ಜ ಅಜ್ಜಿಯರೂ ಬೆರಳಚ್ಚು ಕೊಡಲು ಖುದ್ದಾಗಿ ಹೋಗಬೇಕು. ಆದ್ದರಿಂದ ಅತಿಥಿಗಳ ಪಟ್ಟಿ 8 ತಿಂಗಳ ಮೊದಲೇ ಅಂತಿಮವಾಗಿರಲಿ. ಯಾರಿಗಾದರೂ ವೀಸಾ ನಿರಾಕರಣೆಯಾದರೆ ಅವರ ಕೊಠಡಿಯ ಹಣ ವಾಪಸು ಬರುತ್ತದೆಯೇ ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಿ.

ಎಲ್ಲರೂ ಎಡವುವುದು ಮದುವೆ ಸಾಮಾನಿನ ಪೆಟ್ಟಿಗೆಯಲ್ಲಿ. ಯುರೋಪ್ ಒಕ್ಕೂಟದೊಳಗೆ ಪ್ರಯಾಣಿಕರು ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ಹೋಮದ ತುಪ್ಪ, ಬೀಗರಿಗೆಂದು ಕಟ್ಟಿಸಿದ ಧಾರವಾಡ ಪೇಡೆ ಎರಡೂ ಅದರಲ್ಲಿ ಬಂತು. ವೀಳ್ಯದೆಲೆ, ಮಾವಿನ ಸೊಪ್ಪು, ಮಲ್ಲಿಗೆ ದಂಡೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ನಿಲ್ದಾಣದಲ್ಲೇ ಕಸದ ಬುಟ್ಟಿಗೆ ಹೋಗುತ್ತವೆ. ಆ ಪತ್ರದಿಂದ ವಿನಾಯಿತಿ ಇರುವ ಐದೇ ಹಣ್ಣುಗಳಲ್ಲಿ ತೆಂಗಿನಕಾಯಿ, ಬಾಳೆಹಣ್ಣು ಸೇರಿರುವುದು ನಮ್ಮವರ ಭಾಗ್ಯ. ಮಡಿಲು ತುಂಬುವ ಕೊಬ್ಬರಿ ಗಿಟುಕಿನ ಕತೆ ಬೇರೆ. ಎಣ್ಣೆಯಂಶದಿಂದ ಅದು ತಾನಾಗಿ ಬಿಸಿಯೇರುತ್ತದೆಂದು ವಿಮಾನದಲ್ಲಿ ನಿಷೇಧವಿದೆ. ಕರ್ಪೂರಕ್ಕೂ ಅಷ್ಟೇ. ಬಾಸಿಂಗ, ಅಂತರಪಟ, ಜೀರಿಗೆ ಬೆಲ್ಲ ಇಲ್ಲಿಂದ ಹೋಗಲಿ. ಅಕ್ಕಿ, ಅರಿಶಿನ, ತುಪ್ಪವನ್ನು ತೆರ್ಮಿನಿ ರೈಲು ನಿಲ್ದಾಣದ ಹತ್ತಿರದ ಎಸ್ಕ್ವಿಲಿನೊ ಮಾರುಕಟ್ಟೆ ಸುತ್ತಲಿನ ದಕ್ಷಿಣ ಏಷ್ಯಾದವರ ಅಂಗಡಿಗಳಲ್ಲಿ ಕೊಳ್ಳಬಹುದು.

ಬೆಂಗಳೂರಿನ ಪಂಚಾಂಗ ನೋಡಿ ಮುಹೂರ್ತ ಇಟ್ಟು, ಗಡಿಯಾರದಲ್ಲಿ ಮೂರೂವರೆ ಗಂಟೆ ಕಳೆದರೆ ರೋಮ್‌ನ ಮುಹೂರ್ತ ಸಿಗುವುದಿಲ್ಲ. ಲಗ್ನ ಆಯಾ ಊರಿನ ಅಕ್ಷಾಂಶ, ರೇಖಾಂಶವನ್ನು ಅನುಸರಿಸುತ್ತದೆ. ಜೂನ್‌ನಲ್ಲಿ ರೋಮ್‌ನ ಹಗಲು 15 ಗಂಟೆಗೂ ಹೆಚ್ಚು. ಹಗಲನ್ನು ಎಂಟು ಪಾಲು ಮಾಡಿ ಬರುವ ರಾಹುಕಾಲವೇ ಅಲ್ಲಿ ಸುಮಾರು 1 ಗಂಟೆ 55 ನಿಮಿಷ ಇರುತ್ತದೆ. ಪುರೋಹಿತರಿಗೆ ಊರು, ದಿನಾಂಕ ಎರಡನ್ನೂ ಹೇಳಿ ಹೊಸದಾಗಿ ಲೆಕ್ಕ ಹಾಕಿಸಿ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನೇ ಬದಲಿಸುತ್ತಾರೆ ಎಂಬುದೂ ನೆನಪಿರಲಿ.

ಹಳೆಯ ಭಿತ್ತಿಚಿತ್ರಗಳಿರುವ ಸಭಾಂಗಣದೊಳಗೆ ಬೆಂಕಿಗೆ ಅನುಮತಿ ಸಿಗದು, ಸಿಗಬಾರದು ಕೂಡ. ತೋಟದಲ್ಲಾದರೂ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ನಿರ್ಬಂಧಗಳಿರುತ್ತವೆ. ಇಟ್ಟಿಗೆ, ಮರಳಿನ ಹಾಸಿನ ಮೇಲೆ ಚಿಕ್ಕ ತಾಮ್ರದ ಕುಂಡ, ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಎಂದು ಬರವಣಿಗೆಯಲ್ಲೇ ಕೇಳಿ ಒಪ್ಪಿಗೆ ಪಡೆಯಿರಿ. ಹಾಡು ಹಾಕಲು ಸಂಗೀತದ ಹಕ್ಕುಸ್ವಾಮ್ಯ ನೋಡಿಕೊಳ್ಳುವ ‘ಸಿಯಾಯೆ’ ಸಂಸ್ಥೆಯ ಪರವಾನಗಿ ಬೇಕು, ಆ ಶುಲ್ಕ ಯಾರು ಕಟ್ಟುವುದೆಂದೂ ಕೇಳಿ.

ಹಳೆಯ ನಗರದೊಳಗೆ ವಾಹನ ನಿರ್ಬಂಧಿತ ವಲಯವಿದೆ. ಬಸ್ಸು ಮಂಟಪದ ಬಾಗಿಲಿಗೆ ಬರುತ್ತದೆಂದು ನಂಬಬೇಡಿ. ‘ಸಂಪಿಯೆತ್ರೀನಿ’ ಎಂಬ ಕಪ್ಪು ಕಲ್ಲುಗಳನ್ನು ಹಾಸಿದ ಬೀದಿಯಲ್ಲಿ ಸಂದುಗಳಿಗೆ ಹೈಹೀಲ್ಡ್ ಚಪ್ಪಲಿ ಸಿಕ್ಕಿಕೊಳ್ಳುತ್ತದೆ. ಮಂಡಿ ನೋವಿನವರಿಗೆ ಆ ನಡಿಗೆ ಕಷ್ಟ. ಹೋಟೆಲ್ ಬಿಲ್ಲಿನ ಹೊರಗೆ ನಗರದ ತಂಗುವಿಕೆ ತೆರಿಗೆಯೂ ಇದೆ. ನಾಲ್ಕು ತಾರೆಯ ಹೋಟೆಲಿನಲ್ಲಿ ತಲೆಗೆ, ರಾತ್ರಿಗೆ 7.50 ಯೂರೊ. 80 ಜನ 3 ರಾತ್ರಿ ತಂಗಿದರೆ ಅದೇ 1,800 ಯೂರೊ.

ವಧುವಿನ ಒಡವೆಗಳನ್ನು ತೂಕ, ಫೋಟೊ, ಬೆಲೆಪಟ್ಟಿ ಸಮೇತ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ಗೆ ತೋರಿಸಿ ರಫ್ತು ಪ್ರಮಾಣಪತ್ರ ಪಡೆದೇ ವಿಮಾನ ಹತ್ತಿ. ಅದಿಲ್ಲದಿದ್ದರೆ ಮರಳಿ ಬರುವಾಗ ನಿಮ್ಮದೇ ಚಿನ್ನಕ್ಕೆ ಸುಂಕ ಕೇಳುತ್ತಾರೆ.

– ವಿವಾಹ ಆಯೋಜಕರೊಬ್ಬರು, ಬೆಂಗಳೂರು