ತುಂಗಭದ್ರೆಯ ಹೂಳಿಗೆ ಹೊಣೆ ಯಾರು?

ಮಾನ್ಯರೇ,

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ, ಭರ್ತಿಯಾಗಿದ್ದ ಜಲಾಶಯದ ನೀರು ಕಣ್ಣೆದುರೇ ಹರಿದುಹೋಗುವುದನ್ನು ರೈತರು ಅಸಹಾಯಕರಾಗಿ ನೋಡಬೇಕಾಯಿತು. ಹರಿಯುವ ನೀರಿನ ನಡುವೆಯೇ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಗೇಟ್) ಅಳವಡಿಸಿದ ತಂತ್ರಜ್ಞರು ಮತ್ತು ಕಾರ್ಮಿಕರ ಶ್ರಮ ನಿಜಕ್ಕೂ ದೊಡ್ಡದು.

ಆದರೆ ಹೂಳು ಸದ್ದಿಲ್ಲದೆ ನುಂಗಿದ ನೀರಿನ ಲೆಕ್ಕ ಇದಕ್ಕಿಂತ ಗಂಭೀರವಾದುದು. ಆರಂಭದಲ್ಲಿ 133 ಟಿಎಂಸಿ ಅಡಿಯಷ್ಟಿದ್ದ ಸಂಗ್ರಹ ಸಾಮರ್ಥ್ಯ ಈಗ ಸುಮಾರು 105ಕ್ಕೆ ಇಳಿದಿದೆ. ನೀರು ಹಂಚಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿಯ ತೀರ್ಪಿದೆ, ಜಲಾಶಯ ನಿರ್ವಹಣೆಗೆ ತುಂಗಭದ್ರಾ ಮಂಡಳಿಯಿದೆ. ಕಳೆದುಕೊಂಡ ಸಂಗ್ರಹವನ್ನು ಮರಳಿ ಪಡೆಯುವ ವಿಷಯದಲ್ಲಿ ಮಾತ್ರ ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳು ಒಮ್ಮತಕ್ಕೆ ಬಂದಿಲ್ಲ. ಹೂಳಿನಿಂದಾದ ನಷ್ಟ ತುಂಬಲು ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವವೂ ವರ್ಷಗಳಿಂದ ಮಾತುಕತೆಯಲ್ಲೇ ಉಳಿದಿದೆ.

ಎಡದಂಡೆ ಕಾಲುವೆಯ ಮೇಲ್ಭಾಗದ ಭತ್ತದ ಗದ್ದೆಗಳಲ್ಲಿ ನೀರು ನಿಂತಿರುವಾಗಲೇ ಮಾನ್ವಿ, ಸಿರವಾರ ಕಡೆಯ ಕೊನೆಭಾಗದ ರೈತರು ಒಣ ಉಪಕಾಲುವೆಯ ಮುಂದೆ ಕಾಯುತ್ತಾರೆ. ಮೂರೂ ಸರ್ಕಾರಗಳು ಒಂದೇ ಮೇಜಿಗೆ ಬಂದು ಹೂಳಿನ ಪರಿಹಾರಕ್ಕೆ ಗಡುವು ನಿಗದಿಪಡಿಸಬೇಕು. ಪ್ರತಿ ಉಪಕಾಲುವೆಯ ಗೇಜ್ (ನೀರಿನ ಮಟ್ಟ) ಅಳತೆಯನ್ನು ದಿನವೂ ಬಹಿರಂಗಪಡಿಸುವ ಕೆಲಸವನ್ನಂತೂ ಈ ಹಂಗಾಮಿನಿಂದಲೇ ಆರಂಭಿಸಬಹುದು.

– ಓದುಗ, ರಾಯಚೂರು ಜಿಲ್ಲೆ